ಹನ್ನೊಂದು ಮರಿಗಳ ತಾಯಿ

ನಾಯಿಯ ಬಾಣಂತನದ ವಿಷಯವನ್ನು ಗೃಹಸ್ಥರ ಮಾಸಪತ್ರಿಕೆಯಲ್ಲಿ ಎತ್ತಿದರೆ ಕೆಲವು ವಾಚಕರು ಮೂಗು ಮುರಿಯಬಹುದೆಂಬದನ್ನು ಬಲ್ಲೆವು. ನಮ್ಮ ಕಡೆಯಲ್ಲಿ ಆಕಳು ಈದರೆ ಅದೊಂದು ಹಬ್ಬವು. ಓಣಿಗೆಲ್ಲ ಗಿಣ್ಣ ಹಂಚುವದುಂಟು. ನಾಯಿ ಮರಿ ಹಾಕಿದರೆ ಮಾತ್ರ ಅದೊಂದು ಪೀಡೆಯೆಂದು ಎಣಿಸಿ, ಕಣ್ಣು ತೆರೆಯದ ಮರಿಗಳನ್ನು ಚೀಲದಲ್ಲಿ ತುಂಬಿ ಊರ ಹೊರಗಿನ ಹಳ್ಳದ ದಂಡೆಗೆ ಬಿಟ್ಟುಬರುವ ಕೆಲಸವನ್ನು ಯಾವನೋ ಒಬ್ಬ ಹುಡುಗನ ಕೊರಳಿಗೆ ಕಟ್ಟುವರು. ಹೆಣ್ಣು ಮರಿಗಳಾಗಿದ್ದರಂತೂ ಕೇಳುವದೇ ಬೇಡ. ಈ ರೂಢಿಯನ್ನು ನಾವು ಬಾಲ್ಯದಿಂದಲೂ ನೋಡುತ್ತ ಬಂದವರು, ನೋಡಿಯೂ ಸುಮ್ಮನಿದ್ದವರು. ಈ ವರುಷ ನಮ್ಮ ಕೊಟ್ಟಿಗೆಯಲ್ಲಿಯೇ ಒಂದು ತಾಯಿನಾಯಿ ಮಲಗಿತಾದ್ದರಿಂದ, ಸುಮ್ಮನಿರುವ ಮಾರ್ಗವು ನಮಗೆ ಉಳಿಯಲಿಲ್ಲ.

ಮಹಾಭಾರತದ ಕಥೆಯು ಎಲ್ಲಿಂದ ಆರಂಭವಾಗುವದೆಂದು ಶಾಲೆಯಲ್ಲಿ ನಾವು ಹುಡುಗರನ್ನು ಕೇಳುತ್ತಿದ್ದೆವು. ಶಂತನುವಿನಿಂದ ಎಂದು ಒಬ್ಬನು, ದ್ಯೂತದಿಂದ ಎಂದು ಇನ್ನೊಬ್ಬನು ಹೇಳುವನು. ಆದರೆ ಆದಿಪರ್ವದ ಪೌಷ್ಯ ಪ್ರಕರಣದ ಬಾಗಿಲಲ್ಲಿಯೇ ಒಂದು ನಾಯಿಮರಿಯು ಅಳುತ್ತ ನಿಂತಿರುವದನ್ನು ಬಹಳ ಜನರು ಗಮನಿಸುವದಿಲ್ಲ. ಜನಮೇಜಯನ ಸತ್ರದ ಬಳಿಗೆ ಬಂದ ಆ ಮರಿಯನ್ನು ಅರಸನ ತಮ್ಮಂದಿರು ಹೊಡೆದರು. ಅದು ಹವಿಸ್ಸನ್ನು ನೆಕ್ಕಿರಲಿಲ್ಲ, ಕಣ್ಣೆತ್ತಿ ನೋಡಿಯೂ ಇರಲಿಲ್ಲ. ತಾಯಿಯಾದ ಸರಮೆಯು ಯಜ್ಞಮಂಟಪಕ್ಕೆ ಬಂದು, ನನ್ನ ಮಗನನ್ನು ಏಕೆ ಹೊಡೆದಿರೆಂದು ಕೇಳಿದಳು. ಅಷ್ಟು ದೊಡ್ಡ ಸಭೆಯಲ್ಲಿ ಒಬ್ಬರೂ ಉತ್ತರ ಕೊಡಲಿಲ್ಲ. ಕಾಣದ ಭಯವೊಂದು ನಿಮಗೆ ಬರಲಿ ಎಂದು ಶಪಿಸಿ ಅವಳು ಹೊರಟುಹೋದಳು. ನಾಯಿಗೆ ಸಾರಮೇಯವೆಂಬ ಹೆಸರು ಬಂದದ್ದು ಈ ಸರಮೆಯಿಂದಲೇ. ಅಮರಕೋಶದಲ್ಲಿಯೂ ಆ ಹೆಸರು ಇರುವದು. ನಲವತ್ತು ವರುಷ ಈ ಶಬ್ದಗಳನ್ನು ಬಾಯಿಪಾಠ ಮಾಡಿಸಿದ ನಮಗೆ, ಒಂದು ಸಾರಮೇಯಿಗೆ ಎಷ್ಟು ಮೊಲೆಗಳಿರುತ್ತವೆಂಬದು ಮಾತ್ರ ಗೊತ್ತಿರಲಿಲ್ಲವೆಂದು ಹೇಳಿಕೊಳ್ಳಲು ನಾಚಿಕೆಯಾಗುವದು.

ಸಂಗತಿ ಹೀಗೆ. ಚಿಕ್ಕೋಡಿ ತಾಲೂಕಿನ ನಮ್ಮ ಹೊಲದಲ್ಲಿ ಕುರಿಮಂದೆಯನ್ನು ರಾತ್ರಿಯ ಹೊತ್ತು ನಿಲ್ಲಿಸಿ ಗೊಬ್ಬರ ಮಾಡಿಸಿಕೊಳ್ಳುವ ವಾಡಿಕೆಯುಂಟು. ಬನದ ಹುಣ್ಣಿಮೆಯ ಸುಮಾರಿಗೆ ಬಂದ ಕುರುಬರ ಮಂದೆಯ ಸಂಗಡ ಒಂದು ಹೆಣ್ಣು ನಾಯಿಯಿತ್ತು. ನೀಳವಾದ ಮುಖ, ಒಳಕ್ಕೆ ಸೇದಿದ ಹೊಟ್ಟೆ, ಬಿಲ್ಲಿನಂತೆ ಬಾಗಿದ ಬೆನ್ನು. ಮುಧೋಳದ ತಳಿಯೆಂದು ನೋಡಿದೊಡನೆ ತಿಳಿಯುವಂಥದು. ಆದರೆ ಸೇದಿದ ಹೊಟ್ಟೆಯು ಆಗ ಸೇದಿರಲಿಲ್ಲ, ನೆಲಕ್ಕೆ ತಾಗುವಂತೆ ಜೋತಿತ್ತು. ಮಂದೆಯ ಹಿರಿಯನು ಮುಂಜಾನೆ ನಮ್ಮ ಕಟ್ಟೆಗೆ ಬಂದು ಕುಳಿತು, “ಮಾಸ್ತರ್ರ, ಇಕಿ ಇನ್ನ ನಡಿಯಾಕ ಆಗೂದಿಲ್ರೀ. ಕುರಿ ನಿಂದ್ರಂಗಿಲ್ಲ, ನಾವು ಮುಂದ ಹೋಗಬೇಕು. ಎರಡ ತಿಂಗಳ ನಿಮ್ಮ ಕೊಟಗ್ಯಾಗ ಇರ್ಲಿ. ಹೋಳಿ ಹುಣ್ಣಿವಿ ಮ್ಯಾಗ ಬಂದು ಒಯ್ತೀನಿ” ಎಂದನು. ನಾವು ಹ್ಞೂಂ ಎನ್ನುವದರೊಳಗಾಗಿ ನಮ್ಮ ಮನೆಯವರು ಒಳಗಿನಿಂದಲೇ ಒಪ್ಪಿಗೆಯನ್ನು ಕೊಟ್ಟಾಗಿತ್ತು.

ಈ ತಳಿಯ ವಿಷಯವಾಗಿ ಎರಡು ಮಾತು ಹೇಳಿ ಮುಂದೆ ಹೋಗುವೆವು. ಮುಧೋಳವು ಅಥಣಿಯಿಂದ ಬಹಳ ದೂರದ ಊರಲ್ಲ. ಅಲ್ಲಿಯ ಸಂಸ್ಥಾನದ ರಾಜಾ ಮಾಲೋಜಿರಾವ ಘೋರ್ಪಡೆಯವರು ಸುತ್ತಲಿನ ಹಳ್ಳಿಗಳ ಬೇಟೆನಾಯಿಗಳನ್ನು ಆಯ್ದು ತಳಿ ಬೆಳೆಸಿದರು. ಐದನೆಯ ಜಾರ್ಜ ಚಕ್ರವರ್ತಿಗಳಿಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರೆಂದು ಪ್ರಸಿದ್ಧಿ. 2005ರಲ್ಲಿ ಭಾರತೀಯ ಅಂಚೆಯವರು ಈ ನಾಯಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿದರು. 2016ರಲ್ಲಿ ಕೆಲವು ಮರಿಗಳು ಸೈನ್ಯದ ಶಿಕ್ಷಣಕ್ಕಾಗಿ ಮೀರತಕ್ಕೆ ಹೋದವು. ಬೀದರದ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನ ಕೇಂದ್ರವು ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿರುವದು. ಇಷ್ಟು ಕೀರ್ತಿಯಿದ್ದರೂ ಕುರಿಮಂದೆಯ ಹಿಂದೆ ನಡೆಯುವ ನಾಯಿಗೆ ಸಿಗುವದು ರೊಟ್ಟಿಯ ಚೂರು ಮತ್ತು ಮಜ್ಜಿಗೆ. ಅರಸರ ಕಾಣಿಕೆಯೂ ಕುರುಬರ ಕಾವಲೂ ಒಂದೇ ರಕ್ತ. ಉಣ್ಣುವ ತಾಟು ಮಾತ್ರ ಬೇರೆ.

ಹುಣ್ಣಿಮೆಯ ಮರುದಿನ ರಾತ್ರಿ ಅದು ಮರಿ ಹಾಕಲಾರಂಭಿಸಿ, ಬೆಳಗಾಗುವದರಲ್ಲಿ ಹನ್ನೊಂದನ್ನು ಹಾಕಿತು. ನಾಯಿಯ ಗರ್ಭವು ಸುಮಾರು 63 ದಿನಗಳದು. ಐದಾರು ಮರಿಗಳೆಂದರೆ ಸಾಮಾನ್ಯ, ಹನ್ನೊಂದೆಂದರೆ ಹೆಚ್ಚು. ಮೊಲೆಗಳು ಎಂಟರಿಂದ ಹತ್ತರ ವರೆಗೆ ಇರುವವು. ನಮ್ಮ ಅತಿಥಿಗೆ ಹತ್ತಿದ್ದವು. ಅವುಗಳಲ್ಲಿ ಒಂದು ಮುಳ್ಳುಬೇಲಿಯ ಹಳೆಯ ಗಾಯದಿಂದ ಬತ್ತಿತ್ತು. ಒಂಬತ್ತು ಮೊಲೆ, ಹನ್ನೊಂದು ಬಾಯಿ. ಅದರಲ್ಲಿಯೂ ಹಿಂಗಾಲುಗಳ ಹತ್ತಿರದ ಮೊಲೆಗಳಲ್ಲಿ ಹಾಲು ಹೆಚ್ಚು, ಮುಂಗಾಲುಗಳ ಹತ್ತಿರದವುಗಳಲ್ಲಿ ಕಡಿಮೆ. ಬಲಿಷ್ಠವಾದ ಮರಿಗಳು ಹಿಂದಿನವನ್ನು ಹಿಡಿದುಕೊಂಡು ಬಿಡುವದೇ ಇಲ್ಲ. ಬಲವೇ ನ್ಯಾಯವೆಂಬ ಮಾತ್ಸ್ಯನ್ಯಾಯವನ್ನು ಅರ್ಥಶಾಸ್ತ್ರದಲ್ಲಿ ಓದಿದ್ದೆವು. ಕೊಟ್ಟಿಗೆಯ ಹುಲ್ಲಿನ ಮೇಲೆ ಪ್ರತ್ಯಕ್ಷ ಕಂಡೆವು.

ನಮ್ಮ ಮೊಮ್ಮಗಳು ಒಂದೊಂದು ಮರಿಯ ಕೊರಳಿಗೆ ಒಂದೊಂದು ಬಣ್ಣದ ನೂಲನ್ನು ಸಡಿಲಾಗಿ ಕಟ್ಟಿ, ಹೆಸರು ಬೇಕೆಂದು ಹಟ ಹಿಡಿದಳು. (ಈ ನೂಲನ್ನು ನಿತ್ಯವೂ ನೋಡಿ ಸಡಿಲಿಸಬೇಕು; ಮರಿಯ ಕೊರಳು ದಿನದಿನಕ್ಕೆ ದಪ್ಪಗಾಗುವದು.) ಹುಟ್ಟಿದ ಕ್ರಮದಿಂದ ಪ್ರಥಮ, ದ್ವಿತೀಯ, ತೃತೀಯ ಎಂದು ಕರೆಯೋಣವೆಂದೆವು. ಹನ್ನೊಂದನೆಯದು ಹೆಣ್ಣು, ಎಲ್ಲಕ್ಕೂ ಚಿಕ್ಕದು. ಅದಕ್ಕೆ ಏಕಾದಶಿಯೆಂದು ಹೆಸರಾಯಿತು. “ಹೆಸರು ಸರಿಯಾಗೇದ; ಉಪವಾಸ ಅದರ ಪಾಲಿಗೆ ಬಂದದ” ಎಂದು ನಮ್ಮ ಮನೆಯವರು ಅಂದರು. ಕಿರಾಣಿ ಅಂಗಡಿಯಿಂದ ತಂದ ತಕ್ಕಡಿಯಲ್ಲಿ ಪ್ರಥಮನು 410 ಗ್ರಾಮು, ಏಕಾದಶಿ 235 ಗ್ರಾಮು.

ಮೊದಲನೆಯ ದಿನದ ಹಾಲಿನ ಮಹತ್ವವನ್ನು ಎಲ್ಲರೂ ತಿಳಿದಿರಬೇಕು. ಸಂಸ್ಕೃತದಲ್ಲಿ ಅದಕ್ಕೆ ಪೀಯೂಷವೆಂದು ಹೆಸರು. ಅಮೃತಕ್ಕೂ ಅದೇ ಹೆಸರು. ಕೋಶಕಾರರು ಇದನ್ನು ಯಾವ ಭಾವದಿಂದ ಮಾಡಿದರೋ, ಮಾತು ಮಾತ್ರ ನಿಜವಾದದ್ದು. ಮನುಷ್ಯರ ಶಿಶುವಿಗೆ ರೋಗನಿರೋಧಕ ಶಕ್ತಿಯ ಬಹುಭಾಗವು ಗರ್ಭದಲ್ಲಿಯೇ ದೊರೆಯುವದು, ನಾಯಿಮರಿಗೆ ಹಾಗಲ್ಲ. ಅದಕ್ಕೆ ದೊರೆಯತಕ್ಕದ್ದರಲ್ಲಿ ಬಹುತೇಕ ಭಾಗವು ಈ ಮೊದಲಿನ ಹಾಲಿನಿಂದಲೇ ಬರಬೇಕು. ಹುಟ್ಟಿದ ಹತ್ತು ಹನ್ನೆರಡು ತಾಸುಗಳಲ್ಲಿ ಮರಿಯ ಕರುಳು ಅದನ್ನು ಚೆನ್ನಾಗಿ ಹೀರಿಕೊಳ್ಳುವದು. ಒಂದು ದಿನ ಕಳೆದರೆ ಆ ಬಾಗಿಲು ಮುಚ್ಚಿಹೋಗುವದು. ಆದ್ದರಿಂದ ದೊಡ್ಡ ಮರಿಗಳನ್ನು ಸ್ವಲ್ಪ ಹೊತ್ತು ಬದಿಗಿರಿಸಿ, ದುರ್ಬಲವಾದವುಗಳ ಬಾಯಿಗೆ ಹಿಂದಿನ ಮೊಲೆಗಳನ್ನು ಹಿಡಿದು ಕುಡಿಸುವದು ಮೊದಲನೆಯ ದಿನದ ಕೆಲಸ. ಇದನ್ನು ನಮಗೆ ಹೇಳಿದವರು ಚಿಕ್ಕೋಡಿಯ ಪಶುವೈದ್ಯರು. ಆ ಮಟ್ಟಿಗೆ ಸಕಾಲದಲ್ಲಿ ಕೇಳಿದೆವು. ಮುಂದಿನದನ್ನು ಕೇಳಲಿಲ್ಲ, ಅದಕ್ಕೆ ದಂಡ ತೆತ್ತವನು ಷಷ್ಠನು.

ಪುಷ್ಯಮಾಸದ ಚಳಿ. ಎರಡನೆಯ ರಾತ್ರಿ ಷಷ್ಠನು ಹೇಗೋ ಉರುಳುತ್ತ ಗುಂಪಿನಿಂದ ದೂರವಾಗಿ ಕೊಟ್ಟಿಗೆಯ ಕಲ್ಲುಹಾಸಿನ ಮೇಲೆ ಬಿದ್ದಿದ್ದನು. ಬೆಳಗಿನ ನಾಲ್ಕಕ್ಕೆ ಎದ್ದು ನೋಡಿದಾಗ ಮೈ ತಣ್ಣಗಾಗಿ, ಬಾಯಿ ಮಾತ್ರ ಮೆಲ್ಲಗೆ ಆಡುತ್ತಿತ್ತು. ಹಸಿದಿರುವನೆಂದು ತಿಳಿದು, ಆಕಳ ಹಾಲನ್ನು ಬಿಸಿಮಾಡಿ, ಮಗುವಿನಂತೆ ಅಂಗಾತ ಮಲಗಿಸಿಕೊಂಡು, ಒಳಲೆಯಿಂದ ಬಾಯಿಗೆ ಬಿಟ್ಟೆವು. ಸ್ವಲ್ಪ ಕುಡಿದನು, ಮೂಗಿನಿಂದ ಹಾಲು ಬಂತು. ಸೂರ್ಯೋದಯದ ಹೊತ್ತಿಗೆ ಸತ್ತನು.

ಎರಡು ತಪ್ಪುಗಳನ್ನು ಒಂದೇ ಗಳಿಗೆಯಲ್ಲಿ ಮಾಡಿದೆವೆಂದು ವೈದ್ಯರು ತರುವಾಯ ತಿಳಿಸಿದರು. ಮೊದಲನೆಯದು: ತಣ್ಣಗಾದ ಮರಿಗೆ ಹಾಲು ಕೊಡಲೇಬಾರದು. ಹುಟ್ಟಿದ ಮರಿಗೆ ತನ್ನ ಮೈಶಾಖವನ್ನು ಕಾಪಾಡಿಕೊಳ್ಳುವ ಶಕ್ತಿಯಿಲ್ಲ. ಮೊದಮೊದಲು ನಡುಗುವದಕ್ಕೂ ಅದಕ್ಕೆ ಬಾರದು. ಮೊದಲಿನ ವಾರದಲ್ಲಿ ಅದರ ಮೈಶಾಖವು 35ರಿಂದ 36 ಡಿಗ್ರಿ ಸೆಲ್ಸಿಯಸ್ ಮಾತ್ರ. ಅದಕ್ಕಿಂತ ಕೆಳಗಿಳಿದರೆ ಕರುಳು ಕೆಲಸವನ್ನು ನಿಲ್ಲಿಸುವದು, ಒಳಗೆ ಹೋದ ಹಾಲು ಅಲ್ಲಿಯೇ ಕೆಡುವದು. ಮೊದಲು ಮೈಗೆ ಆನಿಸಿಕೊಂಡು, ಬಟ್ಟೆಯಲ್ಲಿ ಸುತ್ತಿ, ನಿಧಾನವಾಗಿ ಬೆಚ್ಚಗೆ ಮಾಡಬೇಕು; ಒಲೆಯ ಮುಂದೆ ಹಿಡಿದು ಒಮ್ಮೆಲೆ ಕಾಸುವದೂ ಅಪಾಯವೇ. ಮೈ ಬೆಚ್ಚಗಾಗಿ ಮರಿಯು ತಾನಾಗಿ ಬಾಯಿ ಚೀಪಹತ್ತಿದ ಮೇಲೆ ಹಾಲಿನ ಮಾತು. ಎರಡನೆಯದು: ನಾಯಿಮರಿಯನ್ನು ಅಂಗಾತ ಮಲಗಿಸಿ ಕುಡಿಸಬಾರದು. ಹೊಟ್ಟೆಯ ಮೇಲೆ ಮಲಗಿಸಿ, ತಲೆಯನ್ನು ತುಸು ಎತ್ತಿ, ತಾಯಿಯ ಬಳಿ ಹೇಗೆ ಕುಡಿಯುವದೋ ಹಾಗೆಯೇ ಕುಡಿಸಬೇಕು. ಇಲ್ಲದಿದ್ದರೆ ಹಾಲು ಶ್ವಾಸಕೋಶಕ್ಕೆ ಇಳಿಯುವದು. ಒಳಲೆಯು ನಮ್ಮ ಮಕ್ಕಳಿಗೂ ಮೊಮ್ಮಕ್ಕಳಿಗೂ ಹಾಲು ಕುಡಿಸಿದ್ದು. ಆ ದಿನದಿಂದ ಅದು ಅಡಿಗೆಮನೆಯ ಮಾಡದಲ್ಲಿಯೇ ಇದೆ.

ಆ ಮೇಲೆ ಕೊಟ್ಟಿಗೆಯ ಒಂದು ಮೂಲೆಗೆ ಹಲಗೆಯ ಅಡ್ಡ ಕಟ್ಟಿ, ಕೆಳಗೆ ಗೋಣಿ, ಮೇಲೆ ಹಳೆಯ ಸೀರೆಯ ಮಡಿಕೆಗಳನ್ನು ಹಾಸಿದೆವು. ಒಂದು ಬದಿಗೆ ಮಾತ್ರ ವಿದ್ಯುದ್ದೀಪವನ್ನು ಇಳಿಬಿಟ್ಟು, ಆ ಬದಿಯ ಹವೆಯು ಮೊದಲಿನ ವಾರದಲ್ಲಿ ಸುಮಾರು 30 ಡಿಗ್ರಿಯಿರುವಂತೆ ನೋಡಿಕೊಂಡೆವು. ಒಂದೇ ಬದಿಗೆ ಏಕೆಂದರೆ, ಸೆಕೆಯಾದ ಮರಿಯು ತೆವಳಿ ತಂಪಿನ ಕಡೆಗೆ ಹೋಗಬಲ್ಲದು. ತಾಯಿಗೂ ಅಷ್ಟು ಶಾಖ ಬೇಕಾಗಿರುವದಿಲ್ಲ. ಮರಿಗಳು ಒಂದರ ಮೇಲೊಂದು ರಾಶಿಯಾಗಿ ಬಿದ್ದಿದ್ದರೆ ಚಳಿಯೆಂತಲೂ, ಚದರಿ ಬಾಯಿ ತೆರೆದಿದ್ದರೆ ಸೆಕೆಯೆಂತಲೂ, ಒಂದಕ್ಕೊಂದು ತಾಗಿ ಸಾಲಾಗಿ ಮಲಗಿದ್ದರೆ ಸರಿಯಾಗಿದೆಯೆಂತಲೂ ತಿಳಿಯಬೇಕು. ವಿದ್ಯುತ್ತು ಹೋದ ರಾತ್ರಿಗಳಲ್ಲಿ ಬಿಸಿನೀರಿನ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದೆವು. ನಮ್ಮ ಭಾಗದಲ್ಲಿ ವಿದ್ಯುತ್ತು ಹೋಗದ ರಾತ್ರಿಗಳನ್ನು ಎಣಿಸುವದೇ ಸುಲಭವಾದದ್ದು.

ಉಳಿದ ಹತ್ತನ್ನು ಐದೈದರ ಎರಡು ಪಂಕ್ತಿಗಳಾಗಿ ಮಾಡಿದೆವು: ಚಿಕ್ಕವುಗಳ ಪಂಕ್ತಿ ಮೊದಲು, ದೊಡ್ಡವುಗಳದು ಆಮೇಲೆ. ಒಂದು ಪಂಕ್ತಿ ಕುಡಿಯುವಾಗ ಇನ್ನೊಂದು ದೀಪದ ಕೆಳಗಿನ ಬುಟ್ಟಿಯಲ್ಲಿ. ಎರಡು ಮೂರು ತಾಸುಗಳಿಗೊಮ್ಮೆ ಹೀಗೆ ಬದಲಿಸುವದು. ಬುಟ್ಟಿಯನ್ನು ತಾಯಿಯ ಕಣ್ಣೆದುರಿಗೇ ಇಡಬೇಕು. ಮರೆಮಾಡಿದರೆ ಅದು ಎದ್ದು ಹುಡುಕಹತ್ತುವದು. ನಿತ್ಯ ಮುಂಜಾನೆ ಒಂದೇ ವೇಳೆಗೆ ತೂಕ. ಈ ತೂಕದ ವಹಿಯನ್ನು ಮೊಮ್ಮಗಳು ಇಟ್ಟಳು. ಆರೋಗ್ಯವಂತ ಮರಿಯು ದಿನಕ್ಕೆ ತನ್ನ ಜನ್ಮತೂಕದ ನೂರಕ್ಕೆ ಐದರಿಂದ ಹತ್ತು ಪಾಲು ಬೆಳೆದು, ಎಂಟು ಹತ್ತು ದಿನಗಳಲ್ಲಿ ಇಮ್ಮಡಿಯಾಗತಕ್ಕದ್ದು. ಕಣ್ಣಿಗೆ ಎಲ್ಲವೂ ದುಂಡಗೆ ಕಾಣುವವು. ತಕ್ಕಡಿ ಮಾತ್ರ ಸುಳ್ಳು ಹೇಳುವದಿಲ್ಲ. ಐದನೆಯ ದಿನ ಪ್ರಥಮನು 600 ಗ್ರಾಮು ಮುಟ್ಟಿದ್ದರೆ, ಏಕಾದಶಿ 240ರಲ್ಲಿಯೇ ನಿಂತಿದ್ದಳು. ಆಗ ಬಾಟಲಿಯ ಹಾಲು ಅನಿವಾರ್ಯವಾಯಿತು.

ಇಲ್ಲಿ ಆಕಳ ಹಾಲಿನ ವಿಷಯವನ್ನು ಬಿಚ್ಚಿ ಹೇಳಬೇಕು, ಏಕೆಂದರೆ ಎಲ್ಲರೂ ಮಾಡುವ ತಪ್ಪು ಇದೇ. ಆಕಳ ಹಾಲಿನಲ್ಲಿ ನೂರಕ್ಕೆ ಸುಮಾರು ಮೂರೂಕಾಲು ಪಾಲು ಪ್ರೋಟೀನು, ನಾಲ್ಕು ಪಾಲು ಜಿಡ್ಡು. ನಾಯಿಯ ಹಾಲಿನಲ್ಲಿ ಇವೆರಡೂ ಸುಮಾರು ಇಮ್ಮಡಿ. ಹಾಲಿನ ಸಕ್ಕರೆ ಮಾತ್ರ ಆಕಳದಕ್ಕಿಂತ ಕಡಿಮೆ. ಹೀಗಿರಲು ಬರಿಯ ಆಕಳ ಹಾಲನ್ನು ಕುಡಿದ ಮರಿಗೆ ಹೊಟ್ಟೆ ತುಂಬಿದಂತಾಗುವದು, ಮೈ ತುಂಬುವದಿಲ್ಲ. ಮೇಲಾಗಿ ಆ ಸಕ್ಕರೆ ಜೀರ್ಣವಾಗದೆ ಭೇದಿ ಹತ್ತುವದು. ನೀರು ಬೆರಸಿ ಕೊಡುವ ಜಾಣರೂ ಉಂಟು; ಅದು ಇನ್ನೂ ಕೆಟ್ಟದ್ದು. ಔಷಧದ ಅಂಗಡಿಗಳಲ್ಲಿ ನಾಯಿಮರಿಗಳಿಗಾಗಿಯೇ ಮಾಡಿದ ಹಾಲಿನ ಪುಡಿಯು ದೊರೆಯುವದು, ಅದೇ ಉತ್ತಮ. ಅದು ಬರುವ ವರೆಗೆ ಒಂದೆರಡು ದಿನದ ಆಪದ್ಧರ್ಮವಾಗಿ, ಕಾಸಿ ಆರಿಸಿದ ಹಾಲಿಗೆ ತುಸು ಗಟ್ಟಿ ಮೊಸರನ್ನೂ ತತ್ತಿಯ ಹಳದಿ ಭಾಗವನ್ನೂ ಕದಡಿ ಕೊಡಬಹುದು. ನಮ್ಮ ಮನೆಯಲ್ಲಿ ತತ್ತಿಯು ಹೊಸಿಲು ದಾಟಿದ್ದಿಲ್ಲ. ನೆರೆಮನೆಯ ಹುಡುಗನು ತಂದುಕೊಟ್ಟನು. ಕೊಟ್ಟಿಗೆಯ ಹಿಂದೆ ಮೂರು ಕಲ್ಲು ಹೂಡಿ ಬೇರೆಯೇ ಪಾತ್ರೆಯಲ್ಲಿ ಆ ವ್ಯವಹಾರವೆಲ್ಲ ನಡೆಯಿತು. ಶಾಸ್ತ್ರಕ್ಕೆ ಏನು ಉತ್ತರ ಕೊಡುವಿರೆಂದು ನಮ್ಮ ಮಿತ್ರರೊಬ್ಬರು ಕೇಳಿದರು. ಸ್ವರ್ಗದ ಬಾಗಿಲಲ್ಲಿ ನಾಯಿಯನ್ನು ಬಿಟ್ಟು ಬಾ ಎಂದಾಗ ಧರ್ಮರಾಯನು ಕೊಟ್ಟ ಉತ್ತರವನ್ನೇ ಕೊಡುವೆವೆಂದೆವು. ಅವರು ನಕ್ಕರು, ಒಪ್ಪಿದರೆಂದು ಹೇಳಲಾರೆವು.

ತಾಯಿಯ ಹಾಲಿಲ್ಲದೆ ಪೂರ್ಣವಾಗಿ ಬಾಟಲಿಯ ಮೇಲೆಯೇ ಇರುವ ಎಳೆಯ ಮರಿಗೆ ಮೈತೂಕದ ನೂರು ಗ್ರಾಮಿಗೆ ದಿನಕ್ಕೆ 15ರಿಂದ 20 ಮಿಲಿಲೀಟರಿನಷ್ಟು ಬೇಕು. ಅದನ್ನು ಎಂಟು ಪಾಲು ಮಾಡಿ ಮೂರು ತಾಸಿಗೊಮ್ಮೆ ಕೊಡಬೇಕು. ಏಕಾದಶಿಗೆ ತಾಯಿಯ ಹಾಲೂ ಇದ್ದದ್ದರಿಂದ ಅರ್ಧದಷ್ಟು ಸಾಕಾಯಿತು. ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳುವೆವು: ಮೊದಲಿನ ಎರಡು ಮೂರು ವಾರ ಮರಿಗಳು ತಾವಾಗಿ ಮಲಮೂತ್ರ ವಿಸರ್ಜಿಸಲಾರವು. ತಾಯಿಯು ನೆಕ್ಕಿದಾಗಲೇ ಅವಕ್ಕೆ ಆ ಪ್ರೇರಣೆ. ಹತ್ತು ಮರಿಗಳ ತಾಯಿಗೆ ಎಲ್ಲವನ್ನೂ ನೆಕ್ಕುವಷ್ಟು ಪುರಸತ್ತು ಸಿಗದು. ಆದ್ದರಿಂದ ಹಾಲು ಕುಡಿಸಿದ ಬಳಿಕ ಬೆಚ್ಚನೆಯ ನೀರಿನಲ್ಲಿ ಅದ್ದಿದ ಅರಳೆಯಿಂದ ಮೆಲ್ಲಗೆ ಒರಸಬೇಕು. ಅರವತ್ತು ವರುಷದ ಸಂಸ್ಕೃತ ಪಂಡಿತನು ನಸುಕಿನಲ್ಲಿ ಕುಳಿತು ಮಾಡತಕ್ಕ ಕೆಲಸ ಇದೇ ಏನೆಂದು ಒಮ್ಮೆ ಅನಿಸಿತು. ಮಾಡಿದೆವು.

ತಾಯಿಯ ಊಟದ ವಿಷಯದಲ್ಲಿ ನಮ್ಮ ಮನೆಯವರಿಗೂ ನಮಗೂ ಸ್ವಲ್ಪ ವಾದವಾಯಿತು. ಬಾಣಂತಿಯೆಂದ ಮೇಲೆ ಅಂಟಿನ ಉಂಡೆಯಿಲ್ಲದೆ ಹೇಗೆಂದು ಅವರು ಉಂಡೆ ಕಟ್ಟಿಯೇ ಬಿಟ್ಟಿದ್ದರು. ಅದರಲ್ಲಿ ಅಥಣಿಯ ಕಡೆಯಿಂದ ಬಂದ ಒಣದ್ರಾಕ್ಷಿ ಬಿದ್ದಿತ್ತು. ದ್ರಾಕ್ಷಿಯು, ಹಸಿಯದಾಗಲಿ ಒಣಗಿದ್ದಾಗಲಿ, ನಾಯಿಯ ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಉಳ್ಳಾಗಡ್ಡಿ ಬಳ್ಳೊಳ್ಳಿಗಳು ರಕ್ತವನ್ನು ಕೆಡಿಸುವವು. ವೈದ್ಯರಿಂದ ಇದನ್ನು ಕೇಳಿ ಬಂದು ಹೇಳಿದಾಗ ಉಂಡೆಗಳು ಮೊಮ್ಮಗಳ ಪಾಲಾದವು. ನಾಯಿಗೆ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಬೇಯಿಸಿದ ಬೇಳೆ, ತತ್ತಿ, ನೆರೆಮನೆಯಿಂದ ಬೇಯಿಸಿ ಬರುತ್ತಿದ್ದ ಕೋಳಿಯ ಮಾಂಸ, ಹೀಗೆ ದಿನಕ್ಕೆ ನಾಲ್ಕೈದು ಹೊತ್ತು ಹಾಕಿದೆವು. ಮೂರನೆಯ ನಾಲ್ಕನೆಯ ವಾರಗಳಲ್ಲಿ ಹಾಲು ಅತ್ಯಂತ ಹೆಚ್ಚಾಗಿರುವದು. ಮರಿಗಳು ಬಹಳವಿದ್ದ ತಾಯಿಗೆ ಆಗ ಎಂದಿನ ಆಹಾರದ ಮೂರು ಪಟ್ಟು, ಅದಕ್ಕೂ ಹೆಚ್ಚು ಬೇಕಾಗುವದು. ನೀರಂತೂ ಯಾವಾಗಲೂ ಬಾಯಿಗೆ ಸಿಗುವಂತಿರಬೇಕು.

ಅವರಾತ್ರಿ ಅಮಾವಾಸ್ಯೆಗೆ ಎರಡು ದಿನ ಮೊದಲು ದ್ವಿತೀಯನ ಬಲಗಣ್ಣು ತೆರೆಯಿತು. ಅಮಾವಾಸ್ಯೆಯ ದಿನ ಎಲ್ಲವೂ ನೀಲಿ ಕಣ್ಣುಗಳನ್ನು ಬಿಟ್ಟಿದ್ದವು. ಏಕಾದಶಿ 520 ಗ್ರಾಮು. ಇನ್ನು ಭಯವಿಲ್ಲವೆಂದುಕೊಂಡೆವು.

ಹತ್ತೊಂಬತ್ತನೆಯ ರಾತ್ರಿ, ಹನ್ನೊಂದು ಗಂಟೆಯ ಸುಮಾರು. ಚಳಿಯಲ್ಲಿಯೂ ತಾಯಿಯು ನಾಲಗೆ ಚಾಚಿ ಏದುತ್ತಿತ್ತು. ಕುಳಿತಲ್ಲಿ ಕೂಡದು, ನಿಂತಲ್ಲಿ ನಿಲ್ಲದು. ಮರಿಗಳನ್ನು ತುಳಿದು ಹೊರಗೆ ಬಂತು. ನಡೆಯುವಾಗ ಕಾಲುಗಳು ಕಟ್ಟಿಗೆಯಂತೆ ಸೆಟೆದಿದ್ದವು; ಮುಖದ ಸ್ನಾಯುಗಳು ಅದುರುತ್ತಿದ್ದವು. ಬಾಯಿಯಿಂದ ಜೊಲ್ಲು. ಗದ್ದಲಕ್ಕೆ ಎದ್ದುಬಂದ ನೆರೆಯವರಲ್ಲಿ ಒಬ್ಬರು, “ಹುಚ್ಚ ಹಿಡದೈತಿ ಮಾಸ್ತರ್ರ, ಹಿಂದಕ್ಕ ಸರೀರಿ” ಎಂದು ಬಡಿಗೆಯನ್ನು ತಂದರು. ಅವರನ್ನು ತಪ್ಪುಗಾರರೆನ್ನಲಾರೆವು, ಹುಚ್ಚುನಾಯಿಯ ಭಯವು ನಮ್ಮ ಹಳ್ಳಿಗಳಲ್ಲಿ ಸುಳ್ಳು ಭಯವಲ್ಲ. ಆದರೆ ಮೊದಲನೆಯ ವಾರದಲ್ಲಿಯೇ ವೈದ್ಯರು ನಮಗೆ ಈ ಲಕ್ಷಣಗಳನ್ನು ಹೇಳಿ, ಬಹಳ ಮರಿಗಳಿಗೆ ಹಾಲೂಡುವ ತಾಯಿಗೆ ಎರಡನೆಯ ವಾರದಿಂದ ನಾಲ್ಕನೆಯ ವಾರದ ವರೆಗೆ ಇದು ಬರಬಹುದೆಂದು ಎಚ್ಚರಿಸಿದ್ದರು. ಅದು ನೆನಪಾಗಿ, ಬಡಿಗೆಯ ಮುಂದೆ ನಾವು ಅಡ್ಡ ನಿಂತೆವು. ನಮ್ಮ ಕಾಲುಗಳೂ ನಡುಗುತ್ತಿದ್ದವೆಂಬದನ್ನು ಮುಚ್ಚಿಡುವದಿಲ್ಲ.

ಇದರ ಕಾರಣವು ಸುಣ್ಣದ ಸತ್ವ, ಅಂದರೆ ಕ್ಯಾಲ್ಸಿಯಂ, ರಕ್ತದಲ್ಲಿ ಒಮ್ಮೆಲೆ ಕಡಿಮೆಯಾಗುವದು. ಹಾಲಿನೊಡನೆ ಅದು ಹರಿದುಹೋಗುವ ವೇಗಕ್ಕೆ ಎಲುಬುಗಳಿಂದ ಅದನ್ನು ಹೊರತೆಗೆಯುವ ವೇಗವು ಸಾಲದಾಗುವದು; ಆಗ ಸ್ನಾಯುಗಳು ಸೆಟೆದು, ಮೈಶಾಖ ಏರಿ, ತಡೆಯದಿದ್ದರೆ ಸೆಳವು ಬಂದು ಪ್ರಾಣ ಹೋಗುವದು. ಚಿಕ್ಕ ತಳಿಯ ನಾಯಿಗಳಲ್ಲಿ ಇದು ಹೆಚ್ಚು. ಮರಿಗಳು ಬಹಳವಾದರೆ ದೊಡ್ಡವುಗಳನ್ನೂ ಬಿಡದು. ಗರ್ಭಿಣಿಯಿದ್ದಾಗಲೇ ಸುಣ್ಣದ ಗುಳಿಗೆಗಳನ್ನು ಹೇರಳವಾಗಿ ತಿನ್ನಿಸಿದರೆ ಇದನ್ನು ತಡೆಯಬಹುದೆಂದು ಅನೇಕರು ನಂಬಿರುವರು. ಪರಿಣಾಮವು ವಿಪರೀತ. ಹೊರಗಿನಿಂದ ಪುಕ್ಕಟೆ ಬರುತ್ತಿರುವಾಗ ಎಲುಬಿನ ಉಗ್ರಾಣದ ಕೀಲಿಯನ್ನು ಹಿಡಿದ ಕಂಠದ ಗ್ರಂಥಿಗಳು ಸೋಮಾರಿಯಾಗುವವು. ಬೇಕಾದ ದಿನ ಬಾಗಿಲು ತೆರೆಯುವದಿಲ್ಲ.

ವೈದ್ಯರಿಗೆ ದೂರವಾಣಿ ಮಾಡಿದೆವು. ಹನ್ನೆರಡು ಮೈಲು ದೂರದಿಂದ ಮೋಟಾರಸೈಕಲ್ಲಿನ ಮೇಲೆ, ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನೊಳಗಿಂದ ದಾರಿ ಮಾಡಿಕೊಂಡು ಆ ತರುಣ ವೈದ್ಯರು ಬಂದು ಮುಟ್ಟುವಾಗ ಹನ್ನೆರಡೂವರೆ. ಅಷ್ಟರಲ್ಲಿ ತಾಯಿಯು ಅಡ್ಡ ಬಿದ್ದಿತ್ತು. ಮುಂಗಾಲಿನ ರಕ್ತನಾಳದಲ್ಲಿ ಕ್ಯಾಲ್ಸಿಯಂ ದ್ರವವನ್ನು ಹನಿಹನಿಯಾಗಿ, ಎದೆಗೆ ನಳಿಗೆಯನ್ನು ಹಚ್ಚಿ ಬಡಿತವನ್ನು ಕೇಳುತ್ತ ಬಿಟ್ಟರು. ಅವಸರ ಮಾಡಿದರೆ ಹೃದಯವೇ ನಿಲ್ಲುವದಂತೆ. ಆದಕಾರಣ ಇದು ಮನೆಯಲ್ಲಿ ಯಾರೂ ಮಾಡತಕ್ಕ ಚಿಕಿತ್ಸೆಯಲ್ಲ. ಅರ್ಧ ಗಂಟೆಯಲ್ಲಿ ಕಾಲುಗಳ ಸೆಟೆತ ಇಳಿಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಅದು ತಲೆಯೆತ್ತಿ ಮರಿಗಳ ಕಡೆಗೆ ನೋಡಿತು. ಬಡಿಗೆ ತಂದವರು ಅಲ್ಲಿಯೇ ಕುಳಿತು ದೀಪ ಹಿಡಿದಿದ್ದರು.

ಒಂದು ಅಹೋರಾತ್ರಿ ಮರಿಗಳನ್ನು ತಾಯಿಗೆ ಬಿಡಕೂಡದೆಂದು ಅಪ್ಪಣೆಯಾಯಿತು. ಹತ್ತು ಬಾಯಿ, ಎರಡು ಬಾಟಲಿ, ಆರು ಸರದಿ. ನಮ್ಮ ಮನೆಯವರು, ಮೊಮ್ಮಗಳು, ನೆರೆಮನೆಯ ಹುಡುಗ, ಬಡಿಗೆಯ ಯಜಮಾನರು, ಎಲ್ಲರೂ ಕೈಹಚ್ಚಿದರು. ಆ ಬಳಿಕ ತಾಯಿಯ ಬಳಿಗೆ ದಿನಕ್ಕೆ ಕೆಲವೇ ಸಲ ಬಿಟ್ಟು, ಉಳಿದುದನ್ನು ಬಾಟಲಿಯಿಂದ ತುಂಬಿಸಿ, ವೈದ್ಯರು ಬರೆದುಕೊಟ್ಟ ಗುಳಿಗೆಗಳನ್ನು ತಾಯಿಗೆ ಕೊಟ್ಟೆವು. ನಿತ್ಯವೂ ಮೊಲೆಗಳನ್ನು ಮುಟ್ಟಿ ನೋಡುವದನ್ನೂ ಕಲಿತೆವು: ಯಾವದಾದರೂ ಒಂದು ಬಿಸಿಯಾಗಿ, ಗಟ್ಟಿಯಾಗಿ, ಕೆಂಪಾಗಿದ್ದರೆ ಕೆಚ್ಚಲುಬೇನೆ ಹತ್ತಿತೆಂದೇ ತಿಳಿದು ವೈದ್ಯರನ್ನು ಕರೆಯಬೇಕು. ಮರಿಗಳ ಸೂಜಿಯಂಥ ಉಗುರುಗಳನ್ನು ತುದಿಯಷ್ಟೇ ಕತ್ತರಿಸುತ್ತಿದ್ದರೆ ಗೀರುಗಳು ಕಡಿಮೆಯಾಗುವವು.

ಇಪ್ಪತ್ತನಾಲ್ಕನೆಯ ದಿನ ಅನ್ನಪ್ರಾಶನ. ಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ, ಮರಿಗಳ ಹಾಲಿನ ಪುಡಿಯನ್ನು ಕಲಸಿ, ಅಗಲವಾದ ತಾಟಿನಲ್ಲಿ ಹಾಕಿ ನೆಲಕ್ಕಿಟ್ಟೆವು. ಮೊದಲನೆಯ ದಿನ ಉಂಡದ್ದಕ್ಕಿಂತ ಅದರಲ್ಲಿ ಹೊರಳಾಡಿದ್ದೇ ಹೆಚ್ಚು. ಭಾರತ ಹುಣ್ಣಿಮೆ ಮುಗಿದ ಮೇಲೆ ಬಾಟಲಿಯ ಕೆಲಸವಿಲ್ಲದಾಯಿತು.

ಜಂತುಹುಳದ ಔಷಧವನ್ನು ಎರಡನೆಯ ವಾರದಿಂದಲೇ, ಎರಡೆರಡು ವಾರಕ್ಕೊಮ್ಮೆ ಕೊಡಬೇಕೆಂಬದನ್ನು ಕೇಳಿ ಆಶ್ಚರ್ಯಪಟ್ಟಿದ್ದೆವು. ಹುಳಗಳು ಗರ್ಭದಲ್ಲಿಯೂ ಹಾಲಿನಿಂದಲೂ ತಾಯಿಯಿಂದ ಮರಿಗೆ ಇಳಿಯುವವು; ಅವು ಮನುಷ್ಯರ ಮಕ್ಕಳಿಗೂ ತಗಲಬಲ್ಲವು. ಮೊಮ್ಮಗಳು ಕೈ ತೊಳೆಯದೆ ಊಟಕ್ಕೆ ಕೂಡಬಾರದೆಂಬ ನಿಯಮಕ್ಕೆ ಅಂದಿನಿಂದ ಹೊಸ ಪ್ರಮಾಣ ಸಿಕ್ಕಿತು. ಆರೆಂಟು ವಾರಗಳಲ್ಲಿ ಪಾರ್ವೋ ಮೊದಲಾದ ರೋಗಗಳ ಲಸಿಕೆಯು ಆರಂಭ. ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರನೆಯ ವಾರದ ವರೆಗೆ ಅದನ್ನು ಮತ್ತೆ ಹಾಕಿಸಬೇಕು. ಹುಚ್ಚುರೋಗದ ಲಸಿಕೆಯು ಮೂರು ತಿಂಗಳಿಗೆ.

ಐದನೆಯ ವಾರದಿಂದಲೇ ಬೇಡುವವರು ಬರಹತ್ತಿದರು. ಮುಧೋಳದ ತಳಿಯೆಂದು ಸುದ್ದಿಯಾಗಿತ್ತು. ಗಂಡು ಮರಿ ಕೊಡಿರೆಂದು ಎಲ್ಲರದೂ ಒಂದೇ ಮಾತು. ನಮ್ಮಲ್ಲಿದ್ದವು ನಾಲ್ಕು ಗಂಡು, ಆರು ಹೆಣ್ಣು. ಎಂಟು ವಾರ ತುಂಬುವ ವರೆಗೆ ಒಂದನ್ನೂ ಕೊಡುವದಿಲ್ಲವೆಂದೆವು. 2017ರ ಶ್ವಾನ ಸಂವರ್ಧನ ನಿಯಮಗಳ ಪ್ರಕಾರ ಎಂಟು ವಾರದೊಳಗಿನ ಮರಿಯನ್ನು ಮಾರುವದು ನಿಷಿದ್ಧ. ನಾವು ಮಾರುವವರಲ್ಲದಿದ್ದರೂ ಕಾರಣವು ಒಂದೇ. ಎಷ್ಟು ಜೋರಾಗಿ ಕಚ್ಚಬಾರದೆಂಬದನ್ನು ಮರಿಯು ಒಡಹುಟ್ಟಿದವುಗಳಿಂದಲೂ ತಾಯಿಯಿಂದಲೂ ಕಲಿಯುವದು ಆ ವಾರಗಳಲ್ಲಿಯೇ. ಆ ಪಾಠಶಾಲೆಯನ್ನು ಮಧ್ಯದಲ್ಲಿ ಬಿಡಿಸಿದರೆ ಮುಂದೆ ಮನೆಯ ಮಕ್ಕಳ ಕೈಗೆ ಅದರ ಫಲ.

ಹೋಳಿ ಹುಣ್ಣಿಮೆಯ ನಾಲ್ಕನೆಯ ದಿನ ಹಿರಿಯ ಕುರುಬನು ನುಡಿದಂತೆ ಬಂದನು. ತಾಯಿಯು ಅವನ ಕೆಮ್ಮನ್ನು ಕೇಳಿಯೇ ಬೇಲಿ ಹಾರಿ ಓಡಿತು. ಹತ್ತು ಮರಿಗಳನ್ನು ನೋಡಿ ಅವನು ಬಹಳ ಹೊತ್ತು ಮಾತಾಡಲಿಲ್ಲ. “ನಮ್ಮ ಹಂತ್ಯಾಕ ಆಗಿದ್ರ ಮೂರೋ ನಾಕೋ ಉಳೀತಿದ್ವು ನೋಡ್ರಿ” ಎಂದನು. ಮೂರು ಗಂಡು ಸಾಕೆಂದವನಿಗೆ ತಾಯಿಯ ಸಂಗಡ ಒಂದು ಹೆಣ್ಣನ್ನೂ ಒಪ್ಪಿಸಿದೆವು. ಮುಂದಿನ ಬೆದೆಗೆ ತಾಯಿಯನ್ನು ಗಂಡಿಗೆ ಬಿಡುವದಿಲ್ಲವೆಂದು ಮಾತನ್ನೂ ತೆಗೆದುಕೊಂಡೆವು. ಅದರ ಪಕ್ಕೆಲುಬುಗಳು ಇನ್ನೂ ಎಣಿಸುವಂತಿದ್ದವು.

ಉಳಿದ ಗಂಡು ನಿಪ್ಪಾಣಿಯ ಒಂದು ತಂಬಾಕಿನ ವಖಾರಿಗೆ ಹೋಯಿತು. ಹೆಣ್ಣುಗಳಲ್ಲಿ ಎರಡನ್ನು ಅಥಣಿ ತಾಲೂಕಿನ ದ್ರಾಕ್ಷಿಯ ತೋಟದವರು ಒಯ್ದರು. ಬಳ್ಳಿಯ ಕೆಳಗೆ ಉದುರಿದ ಹಣ್ಣನ್ನು ತಿನ್ನದಂತೆ ನೋಡಿಕೊಳ್ಳಿರೆಂದು ಅವರಿಗೆ ಮೂರು ಸಲ ಹೇಳಿ ಕಳಿಸಿದೆವು. ಒಂದು ಕಾಗವಾಡದ ಹತ್ತಿರದ ಕಬ್ಬಿನ ತೋಟದ ಮನೆಗೆ. ಆ ಮನೆಯ ಅಜ್ಜಿಯು ಪ್ರತಿ ಹುಣ್ಣಿಮೆಗೆ ನರಸೋಬನ ವಾಡಿಗೆ ಹೋಗುವ ದತ್ತಭಕ್ತೆ. ದತ್ತನ ಪಾದದ ಬಳಿಯ ನಾಲ್ಕು ನಾಯಿಗಳು ನಾಲ್ಕು ವೇದಗಳೆಂದು ಆಕೆಯೇ ನಮಗೆ ಪಾಠ ಹೇಳಿ ಮರಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು. ಇನ್ನೊಂದು ರಾಯಬಾಗದಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿದೆ. ಒಯ್ದವರೆಲ್ಲರಿಂದಲೂ ಲಸಿಕೆಯ ತಾರೀಖುಗಳನ್ನು ಬರೆಸಿಕೊಂಡೆವು. ಹೆಣ್ಣುಗಳನ್ನು ಒಯ್ದವರು ತಕ್ಕ ವಯಸ್ಸಿಗೆ ಸಂತಾನಹರಣದ ಶಸ್ತ್ರಕ್ರಿಯೆ ಮಾಡಿಸುವದಾಗಿ ಹೇಳಿರುವರು. ಮಾಡಿಸುವರೋ ಇಲ್ಲವೋ, ವರುಷದ ಕೊನೆಗೆ ಹೋಗಿ ನೋಡಿಬರುವವರಿದ್ದೇವೆ.

ಏಕಾದಶಿಯನ್ನು ಕೇಳಿದವರೂ ಇದ್ದರು. ಅದರ ಹಿಂಗಾಲು ತುಸು ಸೊಟ್ಟ, ಇನ್ನೂ ನೋಡಬೇಕೆಂದು ನಮ್ಮ ಮನೆಯವರು ಪ್ರತಿಯೊಬ್ಬರಿಗೂ ಹೇಳಿ ಕಳಿಸಿದರು. ನಾವು ಕಂಡ ಮಟ್ಟಿಗೆ ಅದರ ನಾಲ್ಕು ಕಾಲುಗಳೂ ನೆಟ್ಟಗಿವೆ. ಇದನ್ನು ಬರೆಯುವಾಗ ಅದು ಮೇಜಿನ ಕೆಳಗೆ ಕುಳಿತು ನಮ್ಮ ಚಪ್ಪಲಿಯ ಎಡಗಾಲಿನದನ್ನು ಅಗಿಯುತ್ತಿದೆ. ಬಲಗಾಲಿನದನ್ನು ನಿನ್ನೆಯೇ ಮುಗಿಸಿತು.